ಕುದುರಿ ಕಲಿತು ಎತ್ತಿಗಿ ಕೈ ಹಚ್ಚಿದ್ದು

ನಾನು ಶಾಣ್ಯಾ ಅಂತ ಊರಾಗ ಮೊದಲು ಸುದ್ದಿ ಹಬ್ಬಿಸಿದಾಂವ ನಾನೇ. ಆಮ್ಯಾಲ ಮಂದಿ ನಂಬಿದ್ರು. ಅದರಾಗ ಅವರ ತಪ್ಪೇನಿಲ್ಲ. ಸೇಡಂದಿಂದ ಕುರಕುಂಟಾ ಕಡೆ ಹೋಗೋ ದಾರಿಮ್ಯಾಲ ನಮ್ಮದೊಂದು ಸಣ್ಣ ಹಳ್ಳಿ. ಸೇಡಂದಾಗ ಉರ್ದು ಸಾಲಿ ಕಲಿತು, ಹೈದರಾಬಾದದಾಗ ಮೆಟ್ರಿಕ್ ಮುಗಿಸಿ, ನಿಜಾಮ ಹುಜೂರ ಸರಕಾರದ ವಜೀಫಾ, ಅಂದ್ರ ಓದೋ ಖರ್ಚಿನ ರೊಕ್ಕ, ಸಿಕ್ಕು ಮುಂಬೈಗಿ ದನದ ಡಾಕ್ಟರಕಿ ಕಲೀಲಿಕ್ಕ ಹೋದೆ. ನಮ್ಮ ಕಡೆ ಆ ಕಾಲಕ್ಕ ದನದ ಡಾಕ್ಟರಿಗಿ ಸಲೋತ್ರಿ ಅಂತಿದ್ರು. ಹೊಂಟ ದಿನ ಅಪ್ಪ ಒಂದೇ ಮಾತು ಅಂದ: ಮನಶ್ಯಾರ ಡಾಕ್ಟರ ಆದ್ರ ರೋಗಿ ಸುಳ್ಳು ಹೇಳ್ತಾನ, ದನದ ಡಾಕ್ಟರ ಆದ್ರ ರೋಗಿಗಿ ಬಾಯಿಲ್ಲ, ಆ ಕೆಲಸಾನೂ ಡಾಕ್ಟರನೇ ಮಾಡಬೇಕಾಗ್ತದ, ಹುಷಾರ. ನಾ ನಕ್ಕೆ. ಅಪ್ಪ ನಗಲಿಲ್ಲ.

ಅಲ್ಲಿ ಏನು ಕಲಸ್ತಾರ ಅಂತ ಊರಾಗ ಎಲ್ಲಾರೂ ಕೇಳತಿದ್ರು. ಖರೇ ಹೇಳಬೇಕಂದ್ರ ಮೊದಲ ವರ್ಷ ಪೂರಾ ಎಲುಬು ಕಲಿಸಿದ್ರು. ಉದ್ದನ್ನ ಕೋಣ್ಯಾಗ ತಂತಿ ಹಾಕಿ ನಿಂದ್ರಿಸಿದ ಕುದುರಿ ಎಲುಬಿನ ಗೂಡು. ನಾವು ಮೂವತ್ತು ಮಂದಿ ಅದರ ಸುತ್ತ ನಿಂತು, ಸಾಹೇಬರು ಕೋಲು ಇಟ್ಟ ಎಲುಬಿಗಿ ಹೆಸರು ಹೇಳಬೇಕು. ಕುದುರಿ ಮುಂಗಾಲಿನ ಮೊಣಕಾಲು ಅಂತ ನಾವು ತಿಳಕೊಂಡದ್ದು ಖರೇ ಅಂದ್ರ ಅದರ ಮಣಿಕಟ್ಟು ಅಂತ ಗೊತ್ತಾದ ದಿನ ನಾ ಊಟಾನೂ ಸರಿಯಾಗಿ ಮಾಡಲಿಲ್ಲ. ಇಪ್ಪತ್ತು ವರ್ಷ ಎಲ್ಲಾರೂ ಸೇರಿ ನನಗ ಮೋಸ ಮಾಡ್ಯಾರ ಅನಿಸ್ತು. ಆ ವರ್ಷ ಊರಿಗಿ ಬಂದಾಗ ಕಂಡಕಂಡವರಿಗಿ ಇದನ್ನೇ ಹೇಳಿ ತಲಿ ತಿಂದೆ. ಒಬ್ಬ ಮುದುಕ ಪೂರಾ ಕೇಳಿಸ್ಕೊಂಡು, ಅದಕ್ಕ ನೋವಾದ್ರ ಎಲ್ಲಿ ಎಣ್ಣಿ ತಿಕ್ಕಬೇಕು ಅಂತ ಕೇಳಿದ. ಅದು ನನಗ ಗೊತ್ತಿರಲಿಲ್ಲ.

ಎರಡನೇ ವರ್ಷ ಔಷಧ, ಗಾಯ, ನಾಲು, ಅಂದ್ರ ಕುದುರಿ ಲಾಳ. ಇಂಗು, ಶುಂಠಿ, ಟರ್ಪಂಟೈನ್ ಎಣ್ಣಿ ಯಾವ ರೋಗಕ್ಕ ಎಷ್ಟು ಅಂತ ಬಾಯಿಪಾಠ. ಹಲ್ಲು ನೋಡಿ ಕುದುರಿ ವಯಸ್ಸು ಹೇಳೋದು. ಹಗ್ಗ ಹಾಕಿ ಕುದುರೀನ ಮೆತ್ತಗ ನೆಲಕ್ಕ ಕೆಡವೋದು. ಅದರಾಗ ನಾನೇ ಎರಡು ಸಲ ಕೆಳಗ ಬಿದ್ದೆ, ಕುದುರಿ ನಿಂತು ನೋಡ್ತು. ನಾಲು ಹೊಡಿಯೋ ತರಗತ್ಯಾಗ ಕುದುರಿ ಗೊರಸಿಗಿ ಬೀಳಬೇಕಾದ ಏಟು ನನ್ನ ಹೆಬ್ಬಟ್ಟಿಗಿ ಬಿತ್ತು. ಉಗುರು ಕಪ್ಪಾಗಿ ಉದುರಿ ಹೋತು. ಎಲ್ಲಾದಕ್ಕೂ ಕುದುರೀನೇ. ಯಾಕಂದ್ರ ಆಗ ಕುದುರಿ ಅಂದ್ರ ಫೌಜು, ಕುದುರಿ ಅಂದ್ರ ರೇಸು, ಕುದುರಿ ಅಂದ್ರ ಶ್ರೀಮಂತರ ಬಗ್ಗಿ ಗಾಡಿ. ಎತ್ತು ಅಂದ್ರ ಎತ್ತು.

ಹಂಗಂತ ಎತ್ತಿನ ಪಾಠ ಇರಲಿಲ್ಲ ಅಂತಲ್ಲ. ಇತ್ತು. ಎರಡನೇ ವರ್ಷದ ಕೊನಿಗಿ ಹತ್ತು ಹನ್ನೆರಡು ದಿನ, ಮಧ್ಯಾಹ್ನ ಊಟ ಆದಮ್ಯಾಲ, ದನದ ಹೊಟ್ಟಿ ಮತ್ತ ಅದರ ರೋಗ. ಸಮುದ್ರದ ಕಡೆಯ ಒಬ್ಬ ಹುಡುಗ, ನನ್ನ ಕೋಣೀ ಜೊತೆಗಾರ, ಜೀವನದಾಗ ಎತ್ತಿನ ಹಗ್ಗ ಹಿಡಿದಾಂವಲ್ಲ. ಅಂವ ಪಟ್ಟಿ ಪೆನ್ಸಿಲ್ ತೊಗೊಂಡು ದಿನಾ ಓಡತಿದ್ದ. ನಾ ಹಾಸಿಗಿಮ್ಯಾಲ ಬಿದ್ಕೊಂಡು ಅಂವಗ ಚಾಷ್ಟಿ ಮಾಡತಿದ್ದೆ. ನಾ ಒಕ್ಕಲಿಗರ ಮಗ, ದನದ ಕೊಟ್ಟಿಗ್ಯಾಗ ಹುಟ್ಟಿ ಸಗಣ್ಯಾಗ ಅಂಬೆಗಾಲು ಇಟ್ಟಾಂವ, ಎತ್ತಿನ ಬಗ್ಗೆ ನನಗ ಇವರೇನು ಕಲಸ್ತಾರ ಅಂತಿದ್ದೆ. ಹಾಜರಿ ಕೂಗಿದಾಗ ಅಂವನೇ ನನ್ನ ಪರವಾಗಿ ಹೂಂ ಅಂತಿದ್ದ. ಹಿತ್ತಲ ಗಿಡ ಮದ್ದಲ್ಲ ಅಂತ ಹಿರ್ಯಾರು ಸುಮ್ಮ ಅಂದಿಲ್ಲ. ಆದ್ರ ಆ ಮಾತು ನನಗೇ ಅಂದದ್ದು ಅಂತ ತಿಳೀಲಿಕ್ಕ ನನಗ ಭಾಳ ಹೊತ್ತು ಬೇಕಾತು.

ಆ ವರ್ಷದ ಬ್ಯಾಸಗಿ ಸೂಟಿಗಿ ಊರಿಗಿ ಹೊಂಟಾಗ ನನ್ನ ಪೆಟ್ಟಿಗ್ಯಾಗ ಎರಡು ಹೊಸಾ ಸಾಮಾನು. ಒಂದು ಸಾಹೇಬರ ಟೊಪಿಗಿ. ಇನ್ನೊಂದು ಹಳೇ ಪ್ಯಾಟ್ಯಾಗ ಕೊಂಡ ಟ್ರೋಕಾರು. ಟ್ರೋಕಾರ ಅಂದ್ರ ಕೊಳವಿಯೊಳಗ ಕೂತ ಮೊನಚು ಸಲಾಕಿ; ಹೊಟ್ಟಿ ಉಬ್ಬಿದ ಪ್ರಾಣಿಗಿ ಪಕ್ಕಿ ಒಳಗ ಚುಚ್ಚಿ ಸಲಾಕಿ ಕಿತ್ತರ, ಕೊಳವಿ ಒಳಗ ಉಳದು ಗಾಳಿ ಹೊರಗ ಬರ್ತದ. ಟೊಪಿಗಿ ಶಹಾಬಾದ ಬರೂತನಕ ಪೆಟ್ಟಿಗ್ಯಾಗೇ ಇತ್ತು. ಅಲ್ಲೀತನಕ ರೈಲು ಡಬ್ಬಿದಾಗ ಖರೇ ಟೊಪಿಗಿಯವರು ಇದ್ರು, ನನ್ನ ಧೈರ್ಯ ಸಾಲಲಿಲ್ಲ. ಶಹಾಬಾದದಾಗ ಫರಸಿ ಕಲ್ಲಿನ ಬಂಡಿ ಸಾಲು ಕಂಡಮ್ಯಾಲ ತೆಗದು ತಲಿಮ್ಯಾಲ ಇಟ್ಟೆ. ವಾಡ್ಯಾಗ ಇಳದು ಸೇಡಂ ಗಾಡಿ ಹತ್ತಿದೆ. ಚಿತ್ತಾಪೂರ ಸ್ಟೇಷನ್ನಿನ್ಯಾಗ ಹತ್ತಿದ ಒಬ್ಬ ಹಿರ್ಯಾ ನನ್ನ ಟೊಪಿಗಿ ನೋಡಿ ಎದ್ದು ಜಾಗಾ ಕೊಟ್ಟ. ಸೇಡಂ ಬರೂತನಕ ನಾ ಅವನ ಕಡೆ ನೋಡದೆ ಗತ್ತಿಲೆ ಕೂತೆ. ನೆನಸಿದ್ರ ಈಗೂ ಕಿವಿ ಬಿಸಿ ಆಗ್ತದ.

ಈಗ ಕಾಕಿ ಬಗ್ಗೆ ಹೇಳಬೇಕು. ನಮ್ಮ ಮಗ್ಗಲ ಮನಿಯಾಕಿ, ರಕ್ತಸಂಬಂಧ ಏನಿಲ್ಲ. ಅಕಿ ಗಂಡ ನಮ್ಮಪ್ಪಗ ತಮ್ಮನಂಗ ಇದ್ದ, ಅದಕ್ಕ ನನಗ ಅಂವ ಕಾಕಾ, ಅಕಿ ಕಾಕಿ. ಕಾಕಾ ಜ್ವರ ಬಂದು ತೀರಿಕೊಂಡು ಆಗ್ಲೇ ನಾಕು ವರ್ಷ ಆಗಿತ್ತು. ಮಕ್ಕಳಿಲ್ಲ. ಅಂವ ಬಿಟ್ಟು ಹೋದದ್ದು ಒಂದು ಕರಿ ಹೊಲ, ಮತ್ತ ಒಂದು ಜೋಡೆತ್ತು: ಒಂದು ಬಿಳಿ, ಒಂದು ಕೆಂದು. ಚಿಂಚೋಳಿ ಕಡಿಂದ ಎಳಿ ಕರ ಇದ್ದಾಗ ತಂದು ಒಂದೇ ಗ್ವಾದಲ್ಯಾಗ ಮೇಯ್ಸಿ, ಒಂದೇ ನೊಗಕ್ಕ ರೂಢಿ ಮಾಡಿದ ಜೋಡಿ. ಬ್ಯಾರೇ ಯಾವ ಎತ್ತಿನ ಜೊತಿಗೂ ಅವು ಹೆಜ್ಜಿ ಇಡತಿರಲಿಲ್ಲ, ಬ್ಯಾರೇ ಯಾರ ಮಾತಿಗೂ ಕಿವಿ ನೆಟ್ಟಗ ಮಾಡತಿರಲಿಲ್ಲ.

ಹೆಣ್ಣಮಗಳು ನೇಗಿಲ ಮುಟ್ಟಬಾರದು ಅಂತ ಊರಾಗ ಎಲ್ಲಾರೂ ಹೇಳೋರೇ. ಕಾಕಿ ಯಾರಿಗೂ ಎದುರು ಮಾತಾಡಲಿಲ್ಲ, ಸೀರಿ ಕಚ್ಚಿ ಹಾಕಿ ನೇಗಿಲ ಹಿಡದ್ಲು. ಅಕಿ ಮೈದುನ, ಕಾಕಾನ ತಮ್ಮ, ಹೊಲ ತನ್ನ ಪಾಲಿಗಿ ಹಾಕು, ಸುಗ್ಗ್ಯಾಗ ಕಾಳು ತಂದು ಹಾಕ್ತೀನಿ ಅಂತ ವರ್ಷಾ ಬಿತ್ತೋ ಹೊತ್ತಿಗಿ ಬೀಳೋ ಮಿರಗದ, ಅಂದ್ರ ಮೃಗಶಿರಾ, ಮಳಿ ಮುಂದ ಬಂದು ಕಟ್ಟಿಮ್ಯಾಲ ಕುಂದರತಿದ್ದ. ಅಂವ ಹಾಕೋ ಕಾಳಿಗಿ ಕೈಯೊಡ್ಡಿ ಬದಕೋದು ಏನು ಅಂತ ಅಕಿಗಿ ಗೊತ್ತಿತ್ತು. ಎತ್ತು ಎರಡೂ ನಿಂತಿರೂತನಕ ನನ್ನ ಹೊಲ ನಾ ಬಿತ್ತೀನಿ ಅಂತ ಅಕಿ ಅಂತಿದ್ಲು. ಅಂಥಾದ್ದರಾಗ ಒಂದು ಎತ್ತು ಬಿದ್ರ ಏನಾಗ್ತದ ಅಂತ ಊರಿಗೆಲ್ಲಾ ಗೊತ್ತಿತ್ತು, ಮೈದುನಗಂತೂ ಭಾಳ ಚಲೋ ಗೊತ್ತಿತ್ತು.

ಮಿರಗಕ್ಕ ಇನ್ನ ಎಂಟು ಹತ್ತು ದಿನ ಇದ್ದಾಗ, ಒಂದು ಹೊತ್ತೇರಿದ ಮುಂಜಾನಿ, ಕೆಂದೆತ್ತು ಹಗ್ಗ ಹರಕೊಂಡು ಬಾವಿ ದಂಡಿಯ ಎಳಿ ಹೆಸರಿನ ಪೈರಿಗಿ ಬಿತ್ತು. ಹಸಿದ ಹೊಟ್ಟಿ, ಹಸಿ ಪೈರು. ಕಾಕಿ ಹೋಗಿ ಹಿಡಕೊಂಡು ಬರೂದ್ರಾಗ ಹೊಟ್ಟಿ ಉಬ್ಬಿ, ಉಸರು ಸಿಗದೆ ನಾಲಿಗಿ ಹೊರಗ ಬಂದಿತ್ತು. ಅಕಿ ಅಂಗಳದಿಂದ ನನಗ ಕೂಗಿ ಕರೆದ್ಲು. ನಾ ಉಣ್ಣೋದು ಬಿಟ್ಟು ಎದ್ದೆ. ಖರೇ ಹೇಳ್ತೀನಿ, ಎದಿಯೊಳಗ ಹೆದರಿಕಿ ಇರಲಿಲ್ಲ, ಖುಷಿ ಇತ್ತು. ಎರಡು ವರ್ಷ ಕಲಿತದ್ದು ಊರ ಮಂದಿ ಮುಂದ ತೋರಸೋ ಹೊತ್ತು ಬಂತು ಅಂತ ಖುಷಿ. ಓಡಿ ಹೋಗೋ ಮುಂದ ಟೊಪಿಗಿ ಹಾಕೊಂಡೆ. ಒಂದು ಪ್ರಾಣಿ ಸಾಯ್ಲಿಕತ್ತದ, ಈ ಮಹಾಶಯ ಟೊಪಿಗಿ ಹುಡುಕ್ಲಿಕತ್ತಾನ.

ಅಂಗಳದಾಗ ಹತ್ತಿಪ್ಪತ್ತು ಮಂದಿ ಕೂಡಿದ್ರು. ಎತ್ತು ನಾಕೂ ಕಾಲು ಅಗಲಿಸಿ ನಿಂತಿತ್ತು. ಅದರ ಎಡ ಪಕ್ಕಿ ಹಲಗಿ ಹಂಗ ಬಿಗದು ಬೆನ್ನಿಗಿಂತ ಮ್ಯಾಲೆ ಬಂದಿತ್ತು. ಕಣ್ಣಿದ್ದ ಯಾವ ಕೂಸಿಗೂ ಗಾಳಿ ಎಲ್ಲದ ಅಂತ ಕಾಣತಿತ್ತು. ಆದ್ರ ನನಗ ಕಣ್ಣಿರಲಿಲ್ಲ, ಬಾಯಿಪಾಠ ಇತ್ತು. ಕುದುರಿ ಹೊಟ್ಟಿ ಉಬ್ಬಿದ್ರ ಬಲ ಪಕ್ಕಿಗಿ ಚುಚ್ಚಬೇಕು. ಅದನ್ನ ನಾ ನೂರು ಸಲ ಬಾಯಿಪಾಠ ಮಾಡಿದ್ದೆ, ಇಮ್ತಿಹಾನದಾಗ ಬರದು ಸಾಹೇಬರ ಕಡಿಂದ ಶಾಭಾಸ್ ಅನಿಸ್ಕೊಂಡಿದ್ದೆ. ಸೀದಾ ಎತ್ತಿನ ಬಲಕ್ಕ ಹೋಗಿ ನಿಂತೆ. ಮುದುಕರೊಬ್ಬರು, ತಮ್ಮಾ, ಉಬ್ಬಿದ್ದು ಈ ಕಡಿಗಿ ಅದಲ್ಲ ಅಂದ್ರು. ನಾ ಅವರ ಕಡೆ ನೋಡ್ಲೂ ಇಲ್ಲ. ಕಲೀದವರ ಮಾತು ಕೇಳಿದ್ರ ಕಲಿತವರ ಮರ್ಯಾದಿ ಏನು ಉಳೀತದ್ರಿ.

ಚುಚ್ಚಿದೆ. ಸಲಾಕಿ ಕಿತ್ತೆ. ಗಾಳಿ ಬರಲಿಲ್ಲ. ಕೊಳವ್ಯಾಗಿಂದ ಒಂದಿಷ್ಟು ಹಸರು ನೀರು, ಹೊಲಸು ವಾಸನಿ, ಅದರ ಬೆನ್ನಿಗೆ ರಕ್ತ. ಎತ್ತು ಮೊಣಕಾಲು ಊರ್ತು. ಕಾಕಿ ಎತ್ತಿನ ಕೊಂಬು ಹಿಡಕೊಂಡು ನಿಂತಿದ್ಲು, ನನ್ನ ಮುಖಾನೇ ನೋಡ್ಲಿಕತ್ತಿದ್ಲು. ಏನು ತಿಳೀತೋ ಗೊತ್ತಿಲ್ಲ, ಬುದ್ಧಿ ಬಂದು ಅಂತೂ ಅಲ್ಲ, ಹೆದರಿ ಕೊಳವಿ ಕಿತ್ಕೊಂಡು ಆ ಕಡೆ ಓಡಿ ಎಡ ಪಕ್ಕಿಯ ಉಬ್ಬಿದ ಜಾಗಾಕ್ಕ ಚುಚ್ಚಿದೆ. ಸಲಾಕಿ ಕೀಳೂದ್ರಾಗ ಸೊಂಯ್ ಅಂತ ಗಾಳಿ ಹೊಂಟ್ತು. ಮಂದಿ ಹಿಂದಕ್ಕ ಸರದ್ರು. ಒಂದು ಎಲಿ ಅಡಕಿ ಹಾಕೊಳ್ಳೋ ಹೊತ್ತಿನ್ಯಾಗ ಹೊಟ್ಟಿ ಇಳೀತು, ಎತ್ತು ಎದ್ದು ನಿಂತು ತಲಿ ಝಾಡಿಸ್ತು.

ಅಲ್ಲಿಗಿ ಮುಗಿದಿದ್ರ ಚಲೋ ಇತ್ತು. ನಮ್ಮೂರ ಕಮ್ಮಾರ, ಬಹಳ ಸೂಕ್ಷ್ಮ ಕಣ್ಣಿನಾಂವ, ಎರಡು ಕಡೆ ಯಾಕ ಚುಚ್ಚಿದ್ರಿ ಅಂತ ಕೇಳಿದ. ಕೆಟ್ಟ ಮನಸಿಲೆ ಅಲ್ಲ, ತಿಳಕೊಳ್ಳೋ ಆಸೆಲೆ. ತಪ್ಪಾತು ಮಾರಾಯ, ಮೊದಲಿಂದು ತಪ್ಪು ಅಂದಿದ್ರ ನನ್ನ ಗಂಟೇನು ಹೋಗತಿತ್ತು? ಆದ್ರ ತಲಿಮ್ಯಾಲ ಟೊಪಿಗಿ ಇತ್ತು, ಸುತ್ತ ಮಂದಿ ಇದ್ರು. ನಾ ಗಂಟಲು ಸರಿ ಮಾಡ್ಕೊಂಡು, ಎರಡೂ ಕಡೆ ಚುಚ್ಚಬೇಕು, ಮೊದಲು ಬಲಕ್ಕ ದಾರಿ ಮಾಡಿದ್ರ ಎಡದ ಗಾಳಿ ಸಲೀಸು ಬರ್ತದ ಅಂದೆ. ಹೇಳೋ ಮುಂದ ಅದು ನನಗೇ ಖರೇ ಅನಿಸ್ತು. ಮಂದಿ ತಲಿ ದೂಗಿದ್ರು. ಕಮ್ಮಾರ ಟ್ರೋಕಾರು ಕೈಯಾಗ ತೊಗೊಂಡು ದಾರ ಇಟ್ಟು ಉದ್ದ ಅಳದ. ಕಾಕಿ ನನಗ ಬೆಲ್ಲದ ಪಾನಕ ಮಾಡಿ ಕೊಟ್ಲು. ಅಪ್ಪ ಮಾತ್ರ ಎತ್ತಿನ ಬಲಕ್ಕ ಹೋಗಿ ಆ ತೂತು ಬಗ್ಗಿ ನೋಡಿ ಮನಿಗಿ ನಡದ.

ಮರುದಿನ ಎತ್ತು ಮೇವು ಮುಟ್ಟಲಿಲ್ಲ. ಎಡದ ಗಾಯ ಒಣಗ್ಲಿಕತ್ತಿತ್ತು. ಬಲ ಪಕ್ಕಿ ಬಾತು ಸುಡ್ಲಿಕತ್ತಿತ್ತು, ಮುಟ್ಟಿದ್ರ ಎತ್ತು ನರಳತಿತ್ತು. ನಾ ಮನಿಗಿ ಬಂದು ಬಾಗಲಾ ಹಾಕೊಂಡು ಪುಸ್ತಕ ತೆಗದೆ. ಆ ಕಾಲದ ಪುಸ್ತಕದಾಗ ಹಾಳಿ ಅಂಚು ಕೂಡೇ ಇರತಿದ್ದವು, ಓದೋರು ಚಾಕು ಹಾಕಿ ಬಿಡಿಸ್ಕೋಬೇಕು. ಕುದುರಿ ಹಾಳಿಯೆಲ್ಲಾ ಬಿಡಿಸಿದ್ದೆ, ಕೊಳೆ ಆಗಿದ್ದವು. ದನದ ಹಾಳಿ ಒಂದೂ ಬಿಡಿಸಿರಲಿಲ್ಲ. ಅವ್ವನ ಈಳಿಗಿ ತೊಗೊಂಡು ಒಂದೊಂದೇ ಕೊಯ್ದೆ. ಅಲ್ಲಿ ಕೂಸಿಗಿ ತಿಳಿಯೋ ಹಂಗ ಬರದಿತ್ತು: ದನದ ದೊಡ್ಡ ಹೊಟ್ಟಿ ಪೂರಾ ಎಡಕ್ಕ, ಬಲಕ್ಕ ಇರೋದು ಕರಳು. ಬಲಕ್ಕ ಚುಚ್ಚಿದ್ರ ಕರಳು ತೂತಾಗಿ ಒಳಗಿನ ಹೊಲಸು ಹೊಟ್ಟಿ ತುಂಬ ಹರದು ಕೀವು ಆಗ್ತದ. ಅದಕ್ಕ ಔಷಧ ಏನು ಅಂತ ಮುಂದಿನ ಹಾಳ್ಯಾಗ ಹುಡುಕಿದೆ. ಇರಲಿಲ್ಲ.

ಮೂರು ದಿನ ನಾ ಆ ಎತ್ತಿಗಿ ಏನೇನು ಹಚ್ಚಿದೆ, ಏನೇನು ಕುಡಿಸಿದೆ ಅಂತ ಬರದ್ರ ನಗಿ ಬರ್ತದ. ಬೇವಿನ ತಪ್ಪಲ ಕಾಸಿ ತೊಳದೆ, ಶುಂಠಿ ಕುಡಿಸಿದೆ, ಇಂಗು ಕುಡಿಸಿದೆ. ಇದೆಲ್ಲಾ ಯಾವುದಕ್ಕೂ ಆಗಂಗಿಲ್ಲ ಅಂತ ನನಗೊಬ್ಬಗೇ ಗೊತ್ತಿತ್ತು. ಕಾಕಿ ಎತ್ತಿನ ಮಗ್ಗಲದಾಗೇ ಕೂತು ಅದರ ಗಂಗೆದೊಗಲು ತಿಕ್ಕತಿದ್ಲು, ಎಳಿ ಮೇವು ಬಾಯಿ ಹತ್ರ ಹಿಡೀತಿದ್ಲು. ಆ ಕಡಿಗಿ ಬಿಳಿ ಎತ್ತು ಹಗ್ಗ ಜಗ್ಗಿ ಜಗ್ಗಿ ನೋಡತಿತ್ತು. ಎರಡನೇ ದಿನ ಕಾಕಿ ನನಗ ಸೀದಾ ಕೇಳಿದ್ಲು, ಉಳೀತದೇನು ಅಂತ. ಉಳೀತದ ಅಂದೆ. ಮಿರಗಕ್ಕ ನೊಗ ಹೊರತದೇನು ಅಂದ್ಲು. ಹೊರತದ ಅಂದೆ. ಅಪ್ಪ ಹೇಳಿದ ಆ ಸುಳ್ಳಿನ ಕೆಲಸ ನಾ ಪಾಸಾಗೋಕಿಂತ ಮೊದಲೇ ಚಲೋ ಕಲಿತಿದ್ದೆ.

ನಾಕನೇ ದಿನ ಹೊತ್ತು ಹೊಂಡೂ ಹೊತ್ತಿಗಿ ಎತ್ತು ಸತ್ತಿತ್ತು. ನನಗ ಕಾಕಿ ಮುಂದ ಹೋಗಿ ನಿಂದ್ರೋ ಧೈರ್ಯ ಇರಲಿಲ್ಲ. ಹಿಂದಿನ ದಾರಿಲೆ ತಪ್ಪಿಸ್ಕೊಂಡು ಹೊಂಟೆ. ದಾರ್ಯಾಗ ಕಮ್ಮಾರನ ಕುಲುಮಿ. ಅಲ್ಲಿ ಕುರಕುಂಟಾದಿಂದ ಬಂದ ಒಬ್ಬ ಒಕ್ಕಲಿಗ ಕೂತಿದ್ದ. ಅವನ ಎಮ್ಮಿಗಿ ಹೊಟ್ಟಿ ಉಬ್ಬೋ ಚಾಳಿ ಇತ್ತಂತ. ಕಮ್ಮಾರ ನನ್ನ ಟ್ರೋಕಾರಿನಂಥಾದ್ದೇ ಎರಡು ಮಾಡಿ ಇಟ್ಟಿದ್ದ, ನನ್ನದಕ್ಕಿಂತ ಚಲೋ. ಒಂದು ಅವನ ಕೈಗಿ ಕೊಟ್ಟು, ಮೊದಲು ಬಲಕ್ಕ ಚುಚ್ಚಬೇಕು, ಆಮ್ಯಾಲ ಎಡಕ್ಕ, ನಮ್ಮ ಸಲೋತ್ರಿ ಸಾಹೇಬರು ಹಂಗೇ ಮಾಡ್ಯಾರ ಅಂತ ಹೇಳ್ಲಿಕತ್ತಿದ್ದ. ಎತ್ತು ಸತ್ತ ಸುದ್ದಿ ಅವನಿಗಿ ಮುಟ್ಟಿತ್ತು. ಸಲೋತ್ರಿ ಮಾಡೋದು ಮಾಡಿದ್ರು, ಅದರ ಆಯುಷ್ಯ ಅಷ್ಟೇ ಇತ್ತು ಅಂತ ನನಗೇ ಸಮಾಧಾನ ಹೇಳಿದ. ಕಾಕೀನೂ ಹಂಗೇ ಅಂದ್ಲಂತ. ಆ ಮನಶ್ಯಾಗ ಬಲಕ್ಕ ಚುಚ್ಚಬ್ಯಾಡ, ಸ್ವಲ್ಪ ನಿಂದ್ರು ಅಂತಷ್ಟೇ ಹೇಳಿ ಕಾಕಿ ಮನಿಗಿ ಓಡಿದೆ.

ಕಾಕಿ ಎತ್ತಿನ ಹಣಿಗಿ ಈಬತ್ತಿ, ಅಂದ್ರ ವಿಭೂತಿ, ಹಚ್ಚಲಿಕತ್ತಿದ್ಲು. ದುಡಿದ ಎತ್ತು ಸತ್ರ ಈಬತ್ತಿ ಹಚ್ಚಿ, ಹೂ ಏರಿಸಿ, ಅದು ದುಡಿದ ಹೊಲದಾಗೇ ಇಡಿಯಾಗಿ ಮಣ್ಣು ಕೊಡೋದು ನಮ್ಮ ಮಂದಿಯ ಪದ್ಧತಿ. ಎತ್ತು ನಮಗ ಬಸವಣ್ಣ. ನಾ ಹೋಗಿ ಅಕಿ ಹಿಂದ ನಿಂತು ಹೇಳಿದೆ, ಎತ್ತು ನನ್ನ ಕೈಲೆ ಸತ್ತದ, ಬಲಕ್ಕ ಚುಚ್ಚಬಾರದಿತ್ತು, ಎರಡೂ ಕಡೆ ಅಂತ ಅಂದದ್ದು ನನ್ನ ಮಾನ ಉಳಿಸ್ಕೊಳ್ಳಿಕ್ಕ ಹೇಳಿದ ಸುಳ್ಳು, ಅದನ್ನೇ ಕಮ್ಮಾರ ಈಗ ಕುರಕುಂಟಾದ ಒಬ್ಬಗ ಹೇಳಿ ಕೊಡ್ಲಿಕತ್ತಾನ, ಮೊನ್ನಿ ಉಳೀತದ ಅಂದದ್ದೂ ಸುಳ್ಳು. ಅಕಿ ತಿರುಗಿ ನೋಡಲಿಲ್ಲ.

"ಎತ್ತಿಂದು ನಿಮಗ ಅಲ್ಲಿ ಕಲಸಂಗಿಲ್ಲೇನು?" ಅಂದ್ಲು.

"ಕಲಿಸಿದ್ರು ಕಾಕಿ. ನಾ ಆ ಪಾಠಕ್ಕ ಹೋಗಿರಲಿಲ್ಲ."

"ಯಾಕ?"

"ಎತ್ತಿಂದು ನನಗ ಗೊತ್ತದ ಅಂತ."

ಅಕಿ ಕೈಯಾಗಿನ ಈಬತ್ತಿ ಪೂರಾ ಹಚ್ಚಿ ಮುಗಿಸಿದ್ಲು. ನನಗ ಬೈದಿದ್ರ, ಕಪಾಳಕ್ಕ ಹೊಡದಿದ್ರ ಎಷ್ಟೋ ಹಗುರ ಆಗತಿತ್ತು. ಅಕಿ ಎದ್ದು ಸೆರಗು ಸರಿ ಮಾಡ್ಕೊಂಡು, ಮಂದೀನ ಕರಿ ಅಂದ್ಲು, ಕಮ್ಮಾರಗೂ ಕರಿ, ಆ ಕುರಕುಂಟಾದಾಂವಗೂ ಕರಿ. ಇದರ ಹೊಟ್ಟಿ ಬಿಡಿಸಿ ಎಲ್ಲಾರಿಗೂ ತೋರಸು, ಎಲ್ಲಿ ಚುಚ್ಚಬೇಕು, ಎಲ್ಲಿ ಚುಚ್ಚಬಾರದು.

ಹಿರ್ಯಾರು ಒಪ್ಪಲಿಲ್ಲ. ಬಸವಣ್ಣನ ಮೈಗಿ ಚಾಕು ಹಾಕೋದಾ ಅಂತ ಗದ್ದಲ ಆತು. ಎಲ್ಲಾರಿಗಿಂತ ಜೋರು ಮೈದುನನ ಗಂಟಲು. ಅಣ್ಣ ಸಾಕಿದ ಎತ್ತು ಅಂತ ಕಣ್ಣೀರೂ ಹಾಕಿದ. ಕಾಕಿ ಒಂದೇ ಮಾತು ಅಂದ್ಲು, ನನ್ನ ಬಸವಣ್ಣಂತೂ ಹೋದ, ನಿಮ್ಮ ನಿಮ್ಮ ಮನ್ಯಾಗಿನ ಬಸವಣ್ಣರು ಉಳೀಲಿ ಅಂತ. ಹಿರ್ಯಾರು ಹಿಂದಕ್ಕ ಸರದ್ರು. ಆದ್ರ ಚಾಕು ಹಿಡೀಲಿಕ್ಕ ಯಾರೂ ಮುಂದ ಬರಲಿಲ್ಲ. ಆ ಕೆಲಸ ನನ್ನದೇ ಆತು.

ಮುಂಬೈದಾಗ ನಾ ಎಷ್ಟೋ ಸತ್ತ ಕುದುರಿ ಕೊಯ್ದಿದ್ದೆ, ಜೋಡೀದಾರರ ಜೊತಿ ನಗಿ ಚಾಷ್ಟಿ ಮಾಡ್ಕೋತ ಕೊಯ್ದಿದ್ದೆ. ಅವತ್ತು ಟೊಪಿಗಿ ಇರಲಿಲ್ಲ, ನಗಿ ಇರಲಿಲ್ಲ. ಎಡಕ್ಕ ಬಿಡಿಸಿದೆ. ದೊಡ್ಡ ಹೊಟ್ಟಿ ಎಡ ಪಕ್ಕಿ ತುಂಬ ಇತ್ತು. ಕಡೀ ಪಕ್ಕೆಲುಬು, ಟೊಂಕದ ಎಲುಬು, ಅವೆರಡರ ನಡುವಿನ ಗುಂಡಿ, ಅಲ್ಲಿ ಚುಚ್ಚಬೇಕು ಅಂತ ಬಟ್ಟು ಇಟ್ಟು ತೋರಿಸಿದೆ. ಆಮ್ಯಾಲ ಬಲಕ್ಕ ಬಿಡಿಸಿದೆ. ಕೀವು ಹರೀತು, ಮಂದಿ ಮೂಗಿಗಿ ಧೋತರ ಒತ್ತಿಕೊಂಡ್ರು. ಕರಳಿನ್ಯಾಗ ನಾ ಮಾಡಿದ ತೂತು ಹುಡುಕಿ ಮ್ಯಾಲೆತ್ತಿ, ಇದು ನನ್ನ ಕೈ, ಎತ್ತು ಸತ್ತದ್ದು ಇದರಿಂದ ಅಂದೆ. ಎಲ್ಲಾರೂ ಬಗ್ಗಿ ಬಗ್ಗಿ ನೋಡಿದ್ರು. ಮುಂದ ನೌಕರ್ಯಾಗ ನಾ ಎಷ್ಟೋ ಊರಾಗ ಎಷ್ಟೋ ಭಾಷಣ ಮಾಡೀನಿ, ಮಂದಿ ಆಕಳಿಸ್ಯಾರ, ಎದ್ದು ಹೋಗ್ಯಾರ. ನನ್ನ ಮೊದಲ ಪಾಠದಾಗ ಮಾತ್ರ ಒಬ್ಬರೂ ಕಣ್ಣು ಮಿಟುಕಿಸಲಿಲ್ಲ. ಕಾಕಿ ಎಲ್ಲಾರಿಗಿಂತ ಮುಂದ, ಎತ್ತಿನ ಕೊಂಬಿನಮ್ಯಾಲ ಕೈ ಇಟ್ಕೊಂಡು ಕೂತಿದ್ಲು. ಕುರಕುಂಟಾದಾಂವ ತನ್ನ ಟೊಂಕದಮ್ಯಾಲೇ ಎಡಗೈ ಇಟ್ಕೊಂಡು ಎರಡು ಮೂರು ಸಲ ಗಟ್ಟಿ ಮಾಡ್ಕೊಂಡ. ಎಲ್ಲಾ ಹೊಲದು, ಮತ್ತ ಈಬತ್ತಿ ಹಚ್ಚಿ, ಹೊಲದಾಗ ಮಣ್ಣು ಕೊಟ್ವಿ.

ಮಿರಗ ಆ ವರ್ಷ ಹೊತ್ತಿಗಿ ಸರಿಯಾಗಿ ಬಿತ್ತು. ಅಪ್ಪ ನಮ್ಮ ಒಂದು ಎತ್ತು ಕಾಕಿಗಿ ಕೊಟ್ಟು ನೋಡಿದ. ಬಿಳಿ ಎತ್ತು ಅದರ ಜೊತಿ ನೊಗಕ್ಕ ಹೂಡಿದ ಕೂಡ್ಲೇ ಮಕ್ಕೊಂಡು ಬಿಡತಿತ್ತು. ಮೂರು ದಿನ ನೋಡಿದ್ರು. ಹೊಲದ ಹಸಿ ಆರ್ಲಿಕತ್ತಿತ್ತು. ನಾಕನೇ ದಿನ ಹೊಲ ಮೈದುನನ ಪಾಲಿಗಿ ಹೋತು. ಕಾಕಿ ತನ್ನ ಹೊಲಕ್ಕ ತಾನೇ ಕೂಲಿ ಆಳಾಗಿ ಕಳೇ ತೆಗೀಲಿಕ್ಕ ಹೋದದ್ದು ನಾ ಕಣ್ಣಾರೆ ನೋಡೀನಿ. ಅಕಿ ಬಗ್ಗಿ ಕಳೇ ಕೊಯ್ಯೋ ಕುರ್ಚಿಗಿ ಆಡಸ್ತಿದ್ಲು, ಮೈದುನ ಬದುವಿನಮ್ಯಾಲ ಛತ್ರಿ ಹಿಡದು ನಿಂತಿದ್ದ. ನಾ ಮನ್ಯಾಗ ಕೂತು ದನದ ಹಾಳಿ ಓದ್ಲಿಕತ್ತಿದ್ದೆ. ಸಾವಿರ ಸಲ ಓದಿದ್ರೂ ಈಗೇನು ಬಂತು.

ಮುಂಬೈಗಿ ಹೊಂಡೋ ಹಿಂದಿನ ದಿನ ಹೇಳಿ ಬರ್ಲಿಕ್ಕ ಹೋದೆ. ಕಾಕಿ ಬಿಳಿ ಎತ್ತಿನ ಹತ್ರ ನಿಂತಿದ್ಲು. ನಾ ಕಾಲು ಮುಟ್ಟಿದೆ. ಅಕಿ ಗೋಡಿ ಮಾಡದಾಗಿಂದ ಏನೋ ತೆಗದ್ಲು; ನೋಡಿದ್ರ ಕಮ್ಮಾರ ಮಾಡಿದ ಎರಡನೇ ಟ್ರೋಕಾರು. ಎತ್ತಿನ ಎಡಕ್ಕ ನನ್ನ ಕರಕೊಂಡು ಹೋಗಿ, ಜಾಗಾ ತೋರಸು ಅಂದ್ಲು. ತೋರಿಸಿದೆ. ನನ್ನ ಬಟ್ಟು ಸರಿಸಿ ತನ್ನ ಹೆಬ್ಬಟ್ಟು ಇಟ್ಲು. ಎಷ್ಟು ಒಳಗ, ಯಾವ ಓರೆ, ಕೊಳವಿ ಎ‌ಷ್ಟೊತ್ತು ಬಿಡಬೇಕು ಅಂತ ಒಂದೊಂದೇ ಕೇಳಿದ್ಲು. ಕೈ ತೆಗದು, ಕಣ್ಣು ಮುಚ್ಚಿ, ಮತ್ತ ಅದೇ ಜಾಗಾಕ್ಕ ಹೆಬ್ಬಟ್ಟು ಇಟ್ಟು, ಸರಿ ಅದ ಏನು ಅಂದ್ಲು. ಸರಿ ಇತ್ತು. ಹಿಂಗ ಮೂರು ಸಲ.

ನನಗ ತಡಕೊಳ್ಳಲಿಕ್ಕ ಆಗಲಿಲ್ಲ. ನೀ ಯಾಕ ತ್ರಾಸ ತೊಗೋತಿ ಕಾಕಿ, ಇನ್ನೊಂದು ವರ್ಷ ತಡಿ, ಪೂರಾ ಕಲಿತು ಇದೇ ಸೇಡಂಗಿ ಸಲೋತ್ರಿ ಆಗಿ ಬರ್ತೀನಿ, ನಾನೇ ನೋಡ್ಕೋತೀನಿ ಅಂದೆ. ಅಕಿ ಟ್ರೋಕಾರು ಸೆರಗಿನ ತುದೀಲೆ ಒರಸಿ ಮಾಡದಾಗ ಇಟ್ಲು. ದನಿ ಏರಸಲಿಲ್ಲ, ಸಿಟ್ಟೂ ಮಾಡಲಿಲ್ಲ.

"ನೀ ಕಲಿ, ತಮ್ಮಾ," ಅಂದ್ಲು. "ನೀ ಕಲಿಯೂತನಕ ಕಾಯ್ಲಿಕ್ಕ ನನ್ನ ಹತ್ರ ಇನ್ನೊಂದು ಎತ್ತಿಲ್ಲ."